ಏನೂ ಆಗಿರದ ಹಲ್ಲಿನ ನೋವು

ಎಡ ದವಡೆಯ ಕೊನೆಯ ಹಲ್ಲು ನೋಯುತ್ತಿತ್ತು. ನಾವಿರುವ ಗಲ್ಫ್ ಊರಿನ ಅಲ್ ಥುಮಾಮಾ ಬಡಾವಣೆಯ ಒಂದು ಕ್ಲಿನಿಕ್‌ಗೆ ಹೋಗಿ, ಕಿತ್ತುಬಿಡಿ ಎಂದು ನಾನೇ ಹೇಳಿದೆ. ದಂತವೈದ್ಯರು ಮಲಯಾಳಿ, ವಯಸ್ಸಾದವರು. ಎಕ್ಸ್‌ರೇ ತೆಗೆದು, ಹಲ್ಲನ್ನು ತಟ್ಟಿ ನೋಡಿ, ಕೈಗವಸು ಕಳಚಿದರು.

"ಹಲ್ಲಿಗೆ ಏನೂ ಆಗಿಲ್ಲ. ನಿಮಗೇ ಗೊತ್ತಾಗದ ಹಾಗೆ ಹಲ್ಲು ಕಚ್ಚಿ ಹಿಡಿಯುತ್ತೀರಿ. ಆಫೀಸಿನಲ್ಲಿ ಟೆನ್ಶನ್ ಜಾಸ್ತಿಯಾ?"

ಇಲ್ಲ ಎಂದೆ. ಸುಳ್ಳು ಹೇಳುವ ಉದ್ದೇಶ ಇರಲಿಲ್ಲ, ನನಗೆ ಹಾಗೆಯೇ ಅನ್ನಿಸಿತ್ತು. ಹಲ್ಲುನೋವೆಂದು ಬಂದವಳ ಹತ್ತಿರ ಆಫೀಸಿನ ವಿಚಾರ ಯಾಕೆ ಎಂದು ಸಿಟ್ಟೂ ಬಂತು. ಮರುವಾರ ಬೇರೆ ಕ್ಲಿನಿಕ್‌ಗೆ ಹೋದೆ. ಅಲ್ಲಿಯೂ ಹಲ್ಲು ಸರಿಯಾಗಿಯೇ ಇತ್ತು.

ನನ್ನದು ಹಮದ್ ಬಂದರಿಗೆ ಬರುವ ಕಂಟೇನರ್‌ಗಳ ಕಾಗದಪತ್ರ ನೋಡುವ ಕೆಲಸ. ಒಂದು ಅಂಕಿ ತಪ್ಪಿದರೂ ಕಂಟೇನರ್ ಅಲ್ಲೇ ನಿಲ್ಲುತ್ತದೆ. ತರಕಾರಿಯದೋ ಮಾಂಸದ್ದೋ ನಿಂತರೆ ಫೋನಿಗೆ ಬಿಡುವಿಲ್ಲ. ಮೊದಲು ಅದನ್ನು ಮೂವರು ಮಾಡುತ್ತಿದ್ದೆವು. ಒಬ್ಬರು ಕೆನಡಾಕ್ಕೆ ಹೋದರು, ಇನ್ನೊಬ್ಬರು ಊರಿಗೆ. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಬೇಕೆಂದು ನಾನು ಕೇಳಲೂ ಇಲ್ಲ. ಮೂವರ ಕೆಲಸ ಒಬ್ಬಳೇ ತೂಗಿಸುತ್ತೇನೆ ಎಂಬ ಹೆಮ್ಮೆ ನನಗಿತ್ತು. ಅದನ್ನು ಈಗ ಒಪ್ಪಿಕೊಳ್ಳಬೇಕು.

ಒಂದು ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಸೋಫಾದಲ್ಲೇ ನಿದ್ದೆ ಹೋಗಿದ್ದೆ. ಎಚ್ಚರವಾದಾಗ ಆರನೇ ಕ್ಲಾಸಿನ ಮಗಳು ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು.

"ಉಮ್ಮಾ, ನೀವು ಮಲಗಿದ್ರೆ ನಿಮ್ಮ ಬಾಯಿ ಸೌಂಡ್ ಮಾಡ್ತದೆ. ಐಸ್ ಜಗಿದ ಹಾಗೆ."

ಅದಾಗಿ ಎರಡು ವಾರಕ್ಕೆ, ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿದವಳು ಇಳಿಯಲಿಲ್ಲ. ಕೈ ಬಾಗಿಲಿನ ಹಿಡಿಯ ಮೇಲಿತ್ತು, ಎಳೆಯಲಾಗಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ಬೆರಳ ತುದಿ ಜುಮ್ಮೆನ್ನುತ್ತಿತ್ತು. ಸಾಯುತ್ತಿದ್ದೇನೆ ಅಂದುಕೊಂಡೆ. ಆ ಯೋಚನೆಯ ಜೊತೆಗೇ ಹತ್ತು ಗಂಟೆಯೊಳಗೆ ಕಳಿಸಬೇಕಾದ ಮೇಲ್ ಕೂಡ ನೆನಪಾಯಿತು. ಎಷ್ಟು ಹೊತ್ತು ಕೂತಿದ್ದೆನೋ, ನೇಪಾಳದ ಸೆಕ್ಯೂರಿಟಿಯವರು ಬಂದು ಕಿಟಕಿ ತಟ್ಟಿದರು. ಗಾಜು ಇಳಿಸಿ, ಮಾತು ಹೊರಡದೆ, ಗಂಡನ ನಂಬರ್ ತೋರಿಸಿ ಫೋನ್ ಅವರ ಕೈಗೆ ಕೊಟ್ಟೆ. ಅವರೇ ಮಾತಾಡಿ, ನನ್ನ ಗಂಡ ಬಂದು ತಲುಪುವವರೆಗೆ ಆ ಬಿಸಿಲಿನಲ್ಲಿ ಕಾರಿನ ಪಕ್ಕ ನಿಂತಿದ್ದರು.

"ಎಂತ ಆಯ್ತು?" ಗಂಡ ಕೇಳಿದರು.

"ಬಾಗಿಲು ತೆಗೀಲಿಕ್ಕೆ ಆಗ್ತಾ ಇಲ್ಲ."

ಅವರು ಹೊರಗಿನಿಂದ ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ಬಾಗಿಲು ಸರಿ ಉಂಟಲ್ಲ," ಅಂದರು. ಆಮೇಲೆ ನನ್ನ ಮುಖ ನೋಡಿ, ತಮ್ಮ ಕಾರಿಗೆ ಹತ್ತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಆಸ್ಪತ್ರೆಯಲ್ಲಿ ಇಸಿಜಿ, ರಕ್ತ, ಎಲ್ಲ ನೋಡಿದರು. ಹೃದಯ ಗಟ್ಟಿಯಾಗಿದೆ, ಇದು ಪ್ಯಾನಿಕ್ ಅಟ್ಯಾಕ್ ಎಂದು ಹೇಳಿ ಡಾಕ್ಟರ್ ಒಬ್ಬ ಕೌನ್ಸೆಲರ್‌ಗೆ ಚೀಟಿ ಬರೆದುಕೊಟ್ಟರು. ವಾಪಸು ಬರುವಾಗ ಗಂಡ ಆ ಚೀಟಿಯನ್ನು ಎರಡು ಸಲ ಓದಿದರು.

"ಇದು ತಲೆ ಸರಿ ಇಲ್ಲದವರ ಡಾಕ್ಟರ್ ಅಲ್ವಾ? ನಮ್ಮವರಿಗೆ ಗೊತ್ತಾದ್ರೆ? ಒಂದು ತಿಂಗಳು ಊರಿಗೆ ಹೋಗಿ ಬಾ, ಎಲ್ಲ ಸರಿ ಆಗ್ತದೆ."

"ಊರಲ್ಲಿ ನೆಟ್‌ವರ್ಕ್ ಇಲ್ವಾ? ಆಫೀಸಿನ ಫೋನ್ ಅಲ್ಲಿಗೂ ಬರ್ತದೆ."

ಆದರೂ ಕೌನ್ಸೆಲರ್‌ನ ಮೊದಲ ಭೇಟಿಯ ದಿನ ಗಂಡ ತಮ್ಮ ಅಂಗಡಿಯನ್ನು ಪಾಲುದಾರರಿಗೆ ಬಿಟ್ಟು ತಾವೇ ಕರೆದುಕೊಂಡು ಹೋದರು. ಒಳಗೆ ಬರಲು ಮಾತ್ರ ಒಪ್ಪದೆ ಕಾರಿನಲ್ಲೇ ಕೂತರು.

ಕೌನ್ಸೆಲರ್ ಕೋಯಿಕ್ಕೋಡ್ ಕಡೆಯ ಹೆಂಗಸು, ನನಗಿಂತ ಚಿಕ್ಕವರು. ನಿಮಗೆ ಏನಾಗುತ್ತಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಟೆನ್ಶನ್ ಅಂದೆ. ಟೆನ್ಶನ್ ಎಂದರೆ ಹೇಗೆ ಎಂದು ಕೇಳಿದರು. ನನ್ನ ಇಂಗ್ಲಿಷು ಮೇಲ್ ಬರೆಯುವ ಇಂಗ್ಲಿಷು, ಅದರಲ್ಲಿ 'ಅರ್ಜೆಂಟ್' ಮತ್ತು 'ಪೆಂಡಿಂಗ್' ಬಿಟ್ಟರೆ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಮನೆಯಲ್ಲಿ ಆಡುವ ಭಾಷೆಯಲ್ಲೇ ಹೇಳಿ ಎಂದರು. ನಮ್ಮ ಬ್ಯಾರಿ ಭಾಷೆ ಅವರ ಮಲಯಾಳಕ್ಕೆ ಹತ್ತಿರದ್ದು, ಮುಕ್ಕಾಲು ಪಾಲು ತಿಳಿಯುತ್ತಿತ್ತು. ತಿಳಿಯದ್ದನ್ನು ತಡೆದು ಕೇಳುತ್ತಿದ್ದರು. ಫೋನ್ ನಡುಗಿದರೆ ಹೊಟ್ಟೆಯೊಳಗೆ ಯಾರೋ ಕೈ ಹಾಕಿ ತಿರುಚಿದ ಹಾಗಾಗುತ್ತದೆ ಎಂದೆ. ಮಗಳು ಕರೆದರೂ ಹಾಗೇ ಆಗುತ್ತದೆ ಎಂದೆ. ಎರಡನೆಯ ಮಾತನ್ನು ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಳು ಬಂತು.

"ನಾಯಿ ಅಟ್ಟಿಸಿಕೊಂಡು ಬಂದರೆ ಮೈ ಬಿಗಿಯಾಗಿ ಓಡಲು ಸಿದ್ಧವಾಗುತ್ತದಲ್ಲ, ನಿಮ್ಮ ಮೈ ದಿನವಿಡೀ ಹಾಗೇ ನಿಂತಿದೆ," ಎಂದು ಆಮೇಲೆ ವಿವರಿಸಿದರು. "ನೀವು ಓಡುವುದೂ ಇಲ್ಲ, ನಾಯಿ ಹೋಗುವುದೂ ಇಲ್ಲ."

ಐದನೇ ಭೇಟಿಯ ನಂತರ ನಮ್ಮ ಮ್ಯಾನೇಜರರ ಕೋಣೆಗೆ ಹೋದೆ. ಅವರು ಉಡುಪಿ ಕಡೆಯವರು, ಒಳ್ಳೆಯ ಮನುಷ್ಯರೇ.

"ಸರ್, ಆಫೀಸ್ ಬಿಟ್ಟ ಮೇಲೆ ಇನ್ನು ನಾನು ಫೋನ್ ತೆಗೆಯುವುದಿಲ್ಲ. ಈ ಕೆಲಸಕ್ಕೆ ಇನ್ನೂ ಜನ ಬೇಕು. ನನ್ನಿಂದ ಆಗ್ತಾ ಇಲ್ಲ."

"ಮೊದಲೇ ಹೇಳಬಾರದಿತ್ತಾ ಮಾರಾಯ್ರೆ? ನೀವು ಏನೂ ಹೇಳ್ಲಿಲ್ಲ, ಎಲ್ಲ ಆರಾಮ ಉಂಟು ಅಂತ ಗ್ರಹಿಸಿದೆ."

ಜಾರಿಕೊಳ್ಳುವ ಮಾತೋ ನಿಜವೋ ಈಗಲೂ ತಿಳಿಯದು. ಎರಡು ತಿಂಗಳಿಗೆ ಹೊಸಬರು ಇಬ್ಬರು ಬಂದರು. ನಾನಿಲ್ಲದೆಯೂ ಕಂಟೇನರ್‌ಗಳು ಹೊರಬೀಳತೊಡಗಿದಾಗ ಸ್ವಲ್ಪ ದಿನ ನನಗೆ ಸಣ್ಣವಳಾದಂತೆ ಅನ್ನಿಸಿತು. ಅದನ್ನೂ ಕೌನ್ಸೆಲರ್ ಹತ್ತಿರ ಬ್ಯಾರಿಯಲ್ಲೇ ಹೇಳಿಕೊಂಡೆ. ಗಾಬರಿ ಈಗಲೂ ಅಪರೂಪಕ್ಕೆ ಬರುತ್ತದೆ. ಬಂದರೆ ಕೂತು ನಿಧಾನ ಉಸಿರು ಬಿಡುತ್ತೇನೆ, ಅದು ಹೋಗುತ್ತದೆ.

ಕಳೆದ ತಿಂಗಳು, ಐನ್ ಖಾಲಿದ್‌ನ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮೇಲಿನ ಮನೆಯ ಹೆಂಗಸು ಸಿಕ್ಕಿದರು. ಅವರೂ ನಮ್ಮ ಹಾಗೆ ಮಂಗಳೂರು ಕಡೆಯವರೇ. ಬಾಗಿಲು ಮುಚ್ಚುತ್ತಿದ್ದಂತೆ ತಗ್ಗಿದ ದನಿಯಲ್ಲಿ ಕೇಳಿದರು.

"ನೀವು ಆ ಮನಸ್ಸಿನ ಡಾಕ್ಟರ್ ಹತ್ರ ಹೋಗ್ತೀರಂತೆ, ಹೌದಾ?"

ಸುದ್ದಿ ಹಬ್ಬಿತು ಎಂದುಕೊಂಡೆ. ಹೌದು ಅಂದೆ.

"ನಂಬರ್ ಕೊಡ್ತೀರಾ?" ಅಂದರು. "ನನಗೇ."

ಕೊಟ್ಟೆ. ಅವರು ಅದನ್ನು ತಮ್ಮ ಫೋನಿನಲ್ಲಿ 'ಟೈಲರ್' ಎಂಬ ಹೆಸರಿನಲ್ಲಿ ಸೇವ್ ಮಾಡಿಕೊಂಡರು.