ಹಿತ್ತಾಳೆ ಗುಂಡು, ಒಂದು ಲೋಟ ಮಜ್ಜಿಗೆ

ಮಸ್ಕಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿಗೆ ಇವತ್ತು ಗೆಳತಿಯೊಬ್ಬಳು ಪಪ್ಪಾಯಿ ಹೆಚ್ಚಿ ತಂದಿದ್ದಳು. ನಾನು ಹಿಂದೆಮುಂದೆ ನೋಡಿದ್ದಕ್ಕೆ, "ಫಿಜಿಕ್ಸ್ ಕಲಿಸಾಕಿ ನೀ, ಉಷ್ಣ ಅಂತ ಅಂಜತೀಯೇನ?" ಎಂದು ಕಾಡಿಸಿದಳು. ನನಗೆ ಪಪ್ಪಾಯಿಯ ಅಂಜಿಕೆ ಇಲ್ಲ, ನೋಡಿ. ಆ ಮಾತಿನದೇ ಅಂಜಿಕೆ.

ಗೊರೇಬಾಳದ ನಮ್ಮ ಮನೆಯಲ್ಲಿ ಜಗತ್ತಿಗೆ ಇದ್ದದ್ದು ಎರಡೇ ಭಾಗ: ಉಷ್ಣ, ತಂಪು. ಬದನೆಕಾಯಿ ಉಷ್ಣ, ಹೆಸರುಬೇಳೆ ತಂಪು. ಕಣ್ಣು ಕೆಂಪಾದರೆ ಉಷ್ಣ, ಅಕ್ಕನ ಸಿಟ್ಟೂ ಉಷ್ಣವೇ. ಎಲ್ಲಕ್ಕೂ ಅವ್ವನ ಮದ್ದು ಮಜ್ಜಿಗೆ. ಇಷ್ಟು ವಿದ್ಯೆ ಕಟ್ಟಿಕೊಂಡು ನಾನು ಸಿಂಧನೂರಿಗೆ ಪಿಯುಸಿ ಓದಲು ಹೋದವಳು.

ಪ್ರಾಕ್ಟಿಕಲ್ ಪರೀಕ್ಷೆಗೆ ಲಿಂಗಸುಗೂರಿನಿಂದ ಪರೀಕ್ಷಕರು ಬಂದಿದ್ದರು. ಕುದಿಯುವ ನೀರಿನಲ್ಲಿ ಕಾಯಿಸಿದ ಹಿತ್ತಾಳೆ ಗುಂಡನ್ನು ಕ್ಯಾಲೋರಿಮೀಟರ್ ಎಂಬ ತಾಮ್ರದ ಡಬ್ಬಿಯ ತಣ್ಣೀರಿಗೆ ಬಿಟ್ಟು ಕಲಕುತ್ತಿದ್ದೆ. ಥರ್ಮಾಮೀಟರಿನ ಪಾದರಸ ಏರಿ, ಒಂದು ಗಳಿಗೆ ನಿಂತು, ಇಳಿಯತೊಡಗುತ್ತದೆ. ಆ ಗಳಿಗೆ ಸಿಕ್ಕರೆ ಲೆಕ್ಕ ಬಂತು, ತಪ್ಪಿದರೆ ಹೋಯಿತು. ಸರಿಯಾಗಿ ಆಗಲೇ ಅವರು, "ವಿಶಿಷ್ಟ ಉಷ್ಣ ಅಂದ್ರೇನವ್ವಾ?" ಎಂದರು. ಒಂದು ಗ್ರಾಂ ವಸ್ತು ಒಂದು ಡಿಗ್ರಿ ಕಾಯಲು ಬೇಕಾದ ಶಾಖ ಎಂದು ಬಾಯಿಪಾಠ ಮಾಡಿದ್ದೆಲ್ಲ ಹಾರಿಹೋಯಿತು. "ಭಾಳ ಉಷ್ಣ ರೀ ಸರ್," ಎಂದೆ. ಅಷ್ಟಕ್ಕೇ ಬಿಡದೆ, ಗಾಬರಿಗೆ "ಮಜ್ಜಿಗಿ ಕುಡದ್ರ ಇಳಿತೈತ್ರಿ" ಎಂದೂ ಸೇರಿಸಿದೆ.

ಅಯ್ಯೋ, ನಗು ಅಂದರೆ ನಗು! ಸರ್ ನಕ್ಕರು, ಲ್ಯಾಬಿಗೆ ಲ್ಯಾಬೇ ನಕ್ಕಿತು. ನೋಡಿದರೆ ಪಾದರಸ ಇಳಿದಿತ್ತು. "ಇನ್ನೊಮ್ಮೆ ಕಾಯಿಸ್ತೀನ್ರಿ" ಅಂದರೆ, "ಮಜ್ಜಿಗಿ ಕುಡಿ ಹೋಗು" ಎಂದರು. ಊರ ಬಸ್ಸು ಹತ್ತುವ ತನಕ 'ಮಜ್ಜಿಗಿ' ಎಂಬ ಹೆಸರು ಬೆನ್ನಟ್ಟಿ ಬಂತು. ಸೈನ್ಸೇ ಬಿಡ್ತೀನಿ ಎಂದು ಅತ್ತಾಗ ಅವ್ವ, "ಇದ್ದದ್ದ ಹೇಳೀಯಲ್ಲ, ನಗಾಕೇನಾಗೈತಿ ಅವ್ರಿಗೆ?" ಎಂದಳು. ಬಿಡಲಿಲ್ಲ, ಹಟಕ್ಕೆ ಬಿದ್ದು ಅದನ್ನೇ ಕಲಿಸುವವಳಾದೆ.

ಇವತ್ತು ಪಪ್ಪಾಯಿ ಹೋಳನ್ನು ಸ್ಟಾಫ್ ರೂಮಿನಲ್ಲೇ ಬಿಟ್ಟು ಲ್ಯಾಬಿಗೆ ಹೋದೆ. ಅಲ್ಲೂ ಅದೇ ಪ್ರಯೋಗ. ಸಾಲಗುಂದದ ಹುಡುಗಿಯೊಬ್ಬಳು ಕಲಕುತ್ತಿದ್ದಳು. ವಿಶಿಷ್ಟ ಉಷ್ಣ ಅಂದರೇನು ಎಂದು ಕೇಳಿದೆ.

"ಹಿತ್ತಾಳಿ ಉಷ್ಣ, ತಾಮ್ರ ತಂಪು ರೀ ಮೇಡಂ."

ಫಕ್ಕನೆ ನಗು ಬಂತು. ಮೊದಲ ನಗು ನನ್ನದೇ. ಉಳಿದವರೆಲ್ಲ ಆಮೇಲೆ ನಕ್ಕರು.

ಅವಳ ಕೈ ನಿಂತಿತು. ಆ ಕೈ ನನಗೆ ಗೊತ್ತು. ನಾಚಿಕೆಯಿಂದ ನನ್ನ ಮುಖ ಉರಿಯಿತು. ಅವಳನ್ನು ನಗಿಸಲೆಂದು ನನ್ನ ಮಜ್ಜಿಗೆಯ ಕತೆ ಹೇಳಿದೆ. ಅವಳು ನಗಲಿಲ್ಲ.

"ಆ ಸರ್ ನಕ್ಕರೇನ್ರಿ?"

"ಹೂಂ, ನಕ್ಕರು."

"ನೀವೂ ನಕ್ಕಿರಲ್ರಿ, ಮೇಡಂ."

ಪಾದರಸ ಇಳಿಯುತ್ತಿತ್ತು. "ತಪ್ಪಾತವ್ವಾ," ಎಂದೆ, ಎಲ್ಲರಿಗೂ ಕೇಳುವಂತೆ. ಆಮೇಲೆ ಗುಂಡನ್ನು ಹೊರತೆಗೆದು, ಕುದಿಯುವ ನೀರಿಗೆ ಮತ್ತೆ ನಾನೇ ಇಳಿಬಿಟ್ಟೆ.