ಶುಂಠಿ ಕೋಣೆಯ ಸುಳ್ಳು

ಸುಮಾ, ಆವತ್ತು ಡಾಕ್ಟರ ಎದುರು ನಾನು ಹೇಳಿದ್ದು ಸುಳ್ಳು. ಬಾಯಿ ತಪ್ಪಿ ಬಂದದ್ದಲ್ಲ, ತಿಳಿಯದೆ ಆಡಿದ್ದೂ ಅಲ್ಲ. ಎಲ್ಲ ಗೊತ್ತಿದ್ದೇ, ನಿನ್ನ ಪಕ್ಕದ ಕುರ್ಚಿಯಲ್ಲಿ ಕುಳಿತೇ ಹೇಳಿದೆ. ನಿನ್ನ ಮಗಳ ಉಬ್ಬಸ ನಮ್ಮ ಮನೆಯ ಯಾವ ಕೋಣೆಯಿಂದ ಕೆರಳುತ್ತಿದೆ ಎಂಬುದು ನನಗೆ ತಿಳಿದಿತ್ತು. ಆ ಕೋಣೆ ನನ್ನದು ಎಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಕೊಂಡೆ.

ಬಿತ್ತನೆ ಶುಂಠಿಯ ಕೋಣೆ. ನಿನಗೆ ಅದನ್ನು ವರ್ಣಿಸಬೇಕಾಗಿಲ್ಲ, ಆದರೆ ನನಗೆ ಹೇಳಿಕೊಳ್ಳಬೇಕಾಗಿದೆ. ಸಂಕ್ರಾಂತಿ ಕಳೆದ ಮೇಲೆ ಶುಂಠಿ ಕಿತ್ತು, ಒಳ್ಳೆಯ ಗೆಡ್ಡೆ ಆರಿಸಿ, ಔಷಧಿ ಕಲಸಿದ ನೀರಿನಲ್ಲಿ ಅದ್ದಿ, ನೆರಳಲ್ಲಿ ಆರಿಸಿ, ನೆಡುವ ತನಕ ಕಾಪಾಡಬೇಕು. ಎಲ್ಲರೂ ಹೊಲದ ಶೆಡ್ಡಿನಲ್ಲಿ ರಾಶಿ ಹಾಕಿದರೆ ನಾನು ಮನೆಯೊಳಗೇ ಹಾಕಿಸಿದೆ. ತಂಪು ಕೋಣೆ, ಮಣ್ಣಿನ ಗೋಡೆ, ಇಲಿ ಹೆಗ್ಗಣದ ಕಾಟವಿಲ್ಲ. ಸಾಲದು ಎಂದು ಮೇಲೊಂದಿಷ್ಟು ಆ ಹಳದಿ ಔಷಧಿಯ ಪುಡಿಯನ್ನೂ ಉದುರಿಸುತ್ತಿದ್ದೆ. ವಾರಕ್ಕೊಮ್ಮೆ ರಾಶಿ ಮಗುಚಿ, ಕೊಳೆತದ್ದನ್ನು ಹೆಕ್ಕಿ ಎಸೆಯುತ್ತಿದ್ದೆ. ಶನಿವಾರಸಂತೆಯ ಸುತ್ತಮುತ್ತ ಯಾರ ಬಿತ್ತನೆ ಕೊಳೆತರೂ ನನ್ನ ರಾಶಿ ಕೆಡುತ್ತಿರಲಿಲ್ಲ. "ಗಿರಿಜಕ್ಕನ ಬಿತ್ನೆ ಇದ್ರೆ ಕೊಡಿ" ಎಂದು ಜನ ಮನೆ ಬಾಗಿಲಿಗೆ ಬರುತ್ತಿದ್ದರು. ಸೊಸೆಯಾಗಿ ಬಂದ ಮನೆಯಲ್ಲಿ ನನ್ನ ಹೆಸರು ಹಿಡಿದು ಜನ ಕೇಳುತ್ತಿದ್ದುದು ಅದೊಂದನ್ನೇ. ಆ ಹೆಸರು ನನ್ನ ತಲೆಗೇರಿತ್ತು.

ನಿಮ್ಮ ಕೋಣೆಗೂ ಆ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ. ನಮ್ಮ ಹಳೆ ಮನೆಯ ಗೋಡೆಗಳ ಹಣೆಬರಹ ನಿನಗೆ ಗೊತ್ತಲ್ಲ — ಯಾವುದೂ ಹೆಂಚಿನ ತನಕ ಹೋಗುವುದಿಲ್ಲ. ಈಚೆ ಕೆಮ್ಮಿದರೆ ಆಚೆ ಕೇಳುತ್ತದೆ. ಈಚೆ ಎದ್ದ ಧೂಳು ಆಚೆ ಹೋಗದೆ ಇರುತ್ತದೆಯೇ? ನಾನು ಮೂಗಿಗೆ ಸೆರಗು ಸುತ್ತಿಕೊಂಡು ರಾಶಿ ಮಗುಚುತ್ತಿದ್ದೆ. ನನ್ನ ಮೂಗಿಗೆ ಸೆರಗು ಬೇಕು ಎಂದು ಹೊಳೆದ ನನಗೆ — ಗೋಡೆಯಾಚೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಗುವಿನ ಮೂಗು...

ಗೊತ್ತಿರಲಿಲ್ಲ ಎಂದು ಹೇಳಲೂ ದಾರಿಯಿಲ್ಲ. ಔಷಧಿ ಅಂಗಡಿಯವನು ಪೊಟ್ಟಣ ಕೈಗೆ ಕೊಡುವಾಗಲೇ ಹೇಳಿದ್ದ, "ಅಕ್ಕಾ, ಇದನ್ನ ಹಾಕಿದ್ ಶುಂಠಿನ ಮನೆ ಒಳಗ್ ಇಡ್ಬೇಡಿ. ಮಕ್ಳಿರೋ ಮನೆ ಆದ್ರೆ ಬೇಡ್ವೇ ಬೇಡ." ನಾನು ನಕ್ಕು, "ನಂಗೆ ಹೇಳಿಕೊಡ್ತೀಯೇನೋ?" ಎಂದು ಬಂದೆ. ಎಂಥ ಸೊಕ್ಕು ನೋಡು!

ಪುಟ್ಟಿಗೆ ಆಗ ಐದು ವರ್ಷ. ರಾತ್ರಿ ಕೆಮ್ಮು, ಬೆಳಗ್ಗೆ ಎದೆಯಲ್ಲಿ ಗೊರಗೊರ, ಓಡಿದರೆ ಉಬ್ಬಸ. ನೀನು ಸುಮ್ಮನೆ ಅಳುತ್ತಾ ಕೂರಲಿಲ್ಲ. ಹತ್ತಿಯ ದಿಂಬು ತೆಗೆದೆ. ಕಂಬಳಿಗಳನ್ನು ಬಿಸಿನೀರಿಗೆ ಹಾಕಿ ಒಗೆದೆ, ಹಾಸಿಗೆಗಳನ್ನು ಬಿಸಿಲಿಗೆ ಹಾಕಿದೆ. ಸಂಜೆಯ ಸಾಂಬ್ರಾಣಿ ಹೊಗೆ ಬೇಡವೆಂದು ಅತ್ತೆಯ ಹತ್ತಿರ ಕೈಮುಗಿದು ಕೇಳಿಕೊಂಡೆ. ಅತ್ತೆ ಹೇಗೆ ಹಾರಿಬಿದ್ದರು! "ದೇವ್ರ್ ಹೊಗೆಗೆ ಯಾರಿಗಾದ್ರೂ ಉಬ್ಸ ಬರುತ್ತೇನೇ? ಮಗೀಗೆ ತಲೆ ಮೇಲೆ ತಣ್ಣೀರ್ ಹುಯ್ದಿರ್ತೀಯ, ಅದಕ್ಕೇ ಬಂದೈತೆ." ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡು ನಕ್ಕೆ. ನೀನು ಮಾಡುತ್ತಿದ್ದುದೆಲ್ಲ ಸರಿಯಾದದ್ದೇ ಆಗಿತ್ತು. ನಗಬಾರದವಳು ನಗುತ್ತಿದ್ದೆ.

ಈಗ ನೆನೆದರೆ ಮೈ ಉರಿಯುತ್ತದೆ. ಮಗುವಿಗೆ ಜ್ವರ ಬಂದರೆ ತಾಯಿ, ಭೇದಿಯಾದರೆ ತಾಯಿ, ಉಸಿರು ಕಟ್ಟಿದರೂ ತಾಯಿಯೇ! ಸೀಬೆಹಣ್ಣು ಕೊಟ್ಟಳಂತೆ, ಮೊಸರು ಕೊಟ್ಟಳಂತೆ, ಒದ್ದೆ ತಲೆಯಲ್ಲಿ ಆಡಲು ಬಿಟ್ಟಳಂತೆ. ಮನೆಯ ಗಂಡಸರು ಬಚ್ಚಲ ಒಲೆಗೆ ಹಸಿ ಕಟ್ಟಿಗೆ ತುಂಬಿ ಮನೆಯೆಲ್ಲ ಹೊಗೆ ಮಾಡಿದರೆ ಅದು ಲೆಕ್ಕಕ್ಕಿಲ್ಲ. ನಿನ್ನ ಗಂಡ, ನನ್ನ ಮೈದುನ ಮಹೇಶ, ಬೀಡಿ ಸೇದಿ ಅದೇ ಬಾಯಲ್ಲಿ ಮಗುವನ್ನು ಮುದ್ದಿಸಿದರೆ ಅದೂ ಲೆಕ್ಕಕ್ಕಿಲ್ಲ. ಆದರೆ ಯಾರನ್ನು ಬೈಯಲಿ? ಎಲ್ಲರೂ ತಿಳಿಯದೆ ಮಾಡಿದರು. ತಿಳಿದು ಮಾಡಿದವಳು ನಾನೊಬ್ಬಳೇ.

ಒಂದು ಸಲ ನೀನು ಕೇಳಿದೆ, ನೆನಪಿದೆಯಾ? "ಅಕ್ಕಾ, ಬೇರೆ ಮಕ್ಳಿಗೆಲ್ಲ ಮಳೆಗಾಲ್ದಲ್ಲಿ ಕೆಮ್ಮು. ನಮ್ ಪುಟ್ಟಿಗ್ಯಾಕೆ ಬೇಸ್ಗೇಲೇ ಜಾಸ್ತಿ ಆಗುತ್ತೆ?" ಶುಂಠಿ ಒಳಗೆ ಬರುವುದೂ ಆ ತಿಂಗಳುಗಳಲ್ಲೇ ಎಂಬುದು ನಿನಗೆ ಹೊಳೆಯಲು ಇನ್ನೊಂದೇ ಹೆಜ್ಜೆ ಉಳಿದಿತ್ತು. ನಾನು ತೋಟದ ಕಡೆ ಕೈ ತೋರಿಸಿ, "ಕಾಫಿ ಹೂವಿನ ಗಾಳಿ ಕಣೇ" ಎಂದುಬಿಟ್ಟೆ. ನೀನು ನಂಬಿದೆ, ಆ ದಿನದಿಂದ ತೋಟದ ಕಡೆಯ ಕಿಟಕಿ ಮುಚ್ಚಿಟ್ಟೆ. ಇದ್ದ ಒಂದು ಒಳ್ಳೆಯ ಗಾಳಿಯನ್ನೂ ನಾನೇ ಮುಚ್ಚಿಸಿದೆ.

ಆಮೇಲೆ ಆ ಆಸ್ಪತ್ರೆ. ಮಹೇಶ ಊರಲ್ಲಿರಲಿಲ್ಲ, ನಿನ್ನ ಜೊತೆಗೆ ನಾನೇ ಬಂದೆ. ಡಾಕ್ಟರು ಪುಟ್ಟಿಯ ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಹುಟ್ಟಿನಿಂದಲೇ ಕೆಲವು ಮಕ್ಕಳ ಶ್ವಾಸನಾಳ ಸೂಕ್ಷ್ಮವಾಗಿರುತ್ತದೆ, ಔಷಧಿ ಕೊಡುತ್ತೇನೆ, ಆದರೆ ಕೆರಳಿಸುವ ವಸ್ತು ಮನೆಯಲ್ಲೇ ಇದ್ದರೆ ಬರೀ ಔಷಧಿ ಸಾಕಾಗುವುದಿಲ್ಲ ಎಂದರು. ಆಮೇಲೆ ನೇರವಾಗಿ ಕೇಳಿದರು, "ಮನೆ ಒಳಗೆ ಹೊಗೆ, ಪುಡಿ, ಗದ್ದೆ ತೋಟದ ಔಷಧಿ — ಅಂಥದ್ದೇನಾದ್ರೂ ಇಡ್ತೀರಾ?"

ನೀನು ನನ್ನ ಮುಖ ನೋಡಿದೆ. ದೊಡ್ಡವಳು, ಮನೆಯ ಮೂಲೆಮೂಲೆ ತಿಳಿದವಳು ಎಂದು.

"ಅಂಥದ್ದೇನೂ ಇಲ್ಲ ಡಾಕ್ಟ್ರೇ" ಎಂದೆ. "ಇವಳು ಸಾಕಿರೋ ಒಂದು ಬೆಕ್ಕೈತೆ."

ಅಷ್ಟೇ. ಬೆಕ್ಕಿನ ಮೇಲೆ ಗೂಬೆ ಕೂರಿಸಿ ಎದ್ದು ಬಂದೆ. ಬೆಕ್ಕಿನ ಕೂದಲೂ ಕೆಲವರಿಗೆ ಆಗುವುದಿಲ್ಲ, ದೂರ ಇಟ್ಟು ನೋಡಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಮನೆಯಲ್ಲಿ ದೊಡ್ಡದು ಮಾಡಿ ಸಾರಿದೆ. ನಮ್ಮವರು, ನಿನ್ನ ಭಾವ, ಆ ಬೆಕ್ಕು ಕೆಂಚನನ್ನು ಗೋಣಿಚೀಲದಲ್ಲಿ ಕಟ್ಟಿ ಸಂತೆಮಾಳದ ಹಿಂದೆ ಬಿಟ್ಟು ಬಂದರು. ಪುಟ್ಟಿ ಎರಡು ದಿನ ಊಟ ಬಿಟ್ಟಳು. "ಬೆಕ್ಕು ಸಾಕಿ ಮಗೀನ ಕೊಲ್ಲಕ್ಕ್ ಹೊರಟಿದ್ಲು" ಎಂದು ಅತ್ತೆ ಬಂದವರಿಗೆಲ್ಲ ಹೇಳಿದರು. ನಾನು ಹೂಂಗುಟ್ಟಿದೆ.

ಬೆಕ್ಕು ಹೋದರೂ ಉಬ್ಬಸ ಹೋಗಲಿಲ್ಲ — ಎಲ್ಲಿಂದ ಹೋಗಬೇಕು? ಮುಂದಿನ ತಿಂಗಳು ಒಂದು ಮಧ್ಯಾಹ್ನ ರಾಶಿಯಲ್ಲಿ ಕೊಳೆತ ವಾಸನೆ ಬಂತೆಂದು ಪೂರ್ತಿ ಮಗುಚಿ, ಹೊಸದಾಗಿ ಪುಡಿ ಹಾಕಿದೆ. ಕೈಯೂ ಸ್ವಲ್ಪ ಧಾರಾಳವಾಯಿತು. ಮಾರನೆಯ ಬೆಳಗ್ಗೆ ಪುಟ್ಟಿಯ ತುಟಿ ನೀಲಿಯಾಗಿತ್ತು. ಮಾತಾಡಲು ಹೋದರೆ ಅಕ್ಷರ ಹೊರಡುತ್ತಿರಲಿಲ್ಲ, ಪಕ್ಕೆ ಒಳಕ್ಕೆ ಸೇದಿಕೊಳ್ಳುತ್ತಿತ್ತು. ನೀನು ಬರಿಗಾಲಲ್ಲಿ ಜೀಪು ಹತ್ತಿದೆ. ನಾನು ಜೀಪು ಹತ್ತಲಿಲ್ಲ ಸುಮಾ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು ಒದ್ದೆ ಬಟ್ಟೆಯಿಂದ ನಿಮ್ಮ ಕೋಣೆಯ ನೆಲ, ಮಂಚ, ಕಿಟಕಿಯ ಅಂಚು ಎಲ್ಲ ಒರೆಸಿದೆ. ಬಟ್ಟೆ ಹಳದಿಯಾಯಿತು. ಅಲ್ಲಿ ಮಗು ಆಮ್ಲಜನಕದ ಮೇಲಿದೆ, ಇಲ್ಲಿ ನಾನು ಬಟ್ಟೆ ಹಿಂಡುತ್ತಿದ್ದೇನೆ! ಕಳ್ಳಿಯ ಹಾಗೆ. ಹಾಗೆ ಏನು, ಕಳ್ಳಿಯೇ.

ನೀನು ಆಸ್ಪತ್ರೆಯಿಂದ ನೇರ ಕುಶಾಲನಗರಕ್ಕೆ ತವರಿಗೆ ಹೋದೆ. ಮತ್ತೆ ಈ ಮನೆಗೆ ಕಾಲಿಡುವುದಿಲ್ಲ ಎಂದೆ. ಒಂದು ವರ್ಷ ಎಳೆದಾಡಿ ಮಹೇಶನೂ ಅಲ್ಲಿಗೇ ಬಂದ. "ಮನೆ ಒಡ್ಯಕ್ಕೆ ಮಗೀನ ನೆಪ ಮಾಡ್ಕೊಂಡ್ಲು" ಎಂದು ನೆಂಟರಿಷ್ಟರೆಲ್ಲ ಆಡಿಕೊಂಡರು. ನಿನ್ನ ತವರಲ್ಲೂ ಬೆಕ್ಕುಗಳಿದ್ದವು, ಆದರೂ ಪುಟ್ಟಿ ಅಲ್ಲಿ ರಾತ್ರಿಯಿಡೀ ನಿದ್ದೆ ಮಾಡುತ್ತಾಳೆ ಎಂದು ಮಹೇಶ ಬಂದು ಹೇಳಿದಾಗ ಅತ್ತೆ, "ಅಂದ್ಮೇಲೆ ಇಲ್ಲಿದ್ದಾಗ ಬೇಕಂತ್ಲೇ ನಾಟಕ ಆಡ್ಸಿದ್ಲು" ಎಂದರು. ನೀಲಿಗಟ್ಟಿದ ತುಟಿ ನಾಟಕವಂತೆ! ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದೆ. ನನ್ನ ನಾಲಿಗೆಗೆ ಏನು ದಾಡಿಯಾಗಿತ್ತು?

ಇನ್ನೂ ಒಂದಿದೆ. ಅದರ ಮರುವರ್ಷ ನಾನು ಯಾರಿಗೂ ಕಾರಣ ಹೇಳದೆ ಬಿತ್ತನೆಯನ್ನು ಹೊಲದ ಶೆಡ್ಡಿಗೆ ಸಾಗಿಸಿದೆ. ಆ ವರ್ಷವೂ ರಾಶಿ ಕೆಡಲಿಲ್ಲ. ಕೇಳಿಸಿತೇ? ಮೊದಲಿನಿಂದಲೂ ಅಲ್ಲೇ ಇಡಬಹುದಿತ್ತು. ನಿನ್ನ ಮಗಳ ಉಸಿರು, ನಿನ್ನ ಹೆಸರು, ಎರಡು ಸಂಸಾರ ಒಟ್ಟಿಗೆ ಉಣ್ಣುತ್ತಿದ್ದ ಮನೆ — ಎಲ್ಲ ಹೋದದ್ದು ಬೇಕಾಗಿಯೇ ಇರದ ಒಂದು ಕೋಣೆಗಾಗಿ.

ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡೆ, ತಿಂದೆ, ಹಬ್ಬ ಮಾಡಿದೆ. ಹೀಗೇ ಸಾಯುತ್ತಿದ್ದೆನೋ ಏನೋ. ಹೋದ ತಿಂಗಳು ನೆಂಟರ ಮನೆಯ ಗೃಹಪ್ರವೇಶಕ್ಕೆ ಪುಟ್ಟಿ ಅಪ್ಪನ ಜೊತೆ ಬಂದಿದ್ದಳಲ್ಲ — ಎಷ್ಟೆತ್ತರ ಬೆಳೆದಿದ್ದಾಳೆ! ಹೋಮದ ಹೊಗೆಗೆ ಹೊರಗೆ ಬಂದು, ಮರೆಯಲ್ಲಿ ನಿಂತು ಬಾಯಿಗೆ ಉಬ್ಬಸದ ಪಂಪು ಹಾಕಿಕೊಳ್ಳುತ್ತಿದ್ದಳು. ನನ್ನನ್ನು ಕಂಡು ಹತ್ತಿರ ಬಂದಳು.

"ದೊಡ್ಡಮ್ಮ, ಒಂದ್ ಕೇಳ್ಲಾ? ಕೆಂಚನ್ನ ಕದ್ದು ಹಾಸಿಗೇಲಿ ಮಲಗಿಸ್ಕೋತಿದ್ದೆ ನಾನು. ಅದಕ್ಕೇ ಅಲ್ವಾ ನಂಗೆ ಹಂಗಾಗಿದ್ದು, ಮನೆ ಎರಡಾಗಿದ್ದು? ಅಮ್ಮ ಅಲ್ಲ ಅಂತಾಳೆ. ನೀವಾದ್ರೂ ನಿಜ ಹೇಳಿ."

ಆಗಲಾದರೂ ಹೇಳಿದೆನೇ? "ಊಟಕ್ಕೆ ಬಾ ಮಗಳೇ" ಎಂದೆ. ಥೂ! ಮಗು ಇಷ್ಟು ವರ್ಷ ತಾನೇ ಮನೆ ಒಡೆದೆನೆಂದು ನಂಬಿಕೊಂಡು ಬೆಳೆದಿದೆ, ಮುಖಕ್ಕೆ ಮುಖ ಕೊಟ್ಟು ಕೇಳುತ್ತಿದೆ, ನಾನು ಊಟಕ್ಕೆ ಕರೆಯುತ್ತಿದ್ದೇನೆ.

ಮನೆಗೆ ಬಂದು ಅತ್ತೆ, ನಮ್ಮವರು ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ. ನಮ್ಮವರು ಎದ್ದು ಅಂಗಳಕ್ಕೆ ಹೋದರು. ಅತ್ತೆ, "ಆಗಿದ್ದು ಆಗೋಯ್ತು. ಈಗ್ಯಾಕೆ ಬಾಯ್ ಬಿಡ್ತೀಯ? ಮನೆ ಮರ್ಯಾದೆ ನೋಡು" ಎಂದರು. ನನಗೆ ಎಲ್ಲಿತ್ತೋ ಸಿಟ್ಟು! "ಯಾವ ಮನೆ ಅತ್ತೆ? ಯಾರ ಮರ್ಯಾದೆ? ಸುಮನ ಮರ್ಯಾದೆ ನಾವೆಲ್ಲ ಸೇರಿ ಬೀದೀಲಿ ಹರಾಜು ಹಾಕಿದ್ವಲ್ಲ, ಆವಾಗ ಈ ಮನೆ ಎಲ್ಲಿತ್ತು?" ಎಂದೆ. ಮದುವೆಯಾಗಿ ಬಂದಾಗಿನಿಂದ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನಿನ್ನ ಪರವಾಗಿ ಆಡಬೇಕಿದ್ದ ಮಾತು, ಇಷ್ಟು ತಡವಾಗಿ.

ನಿನ್ನನ್ನು ಮನೆ ಒಡೆದವಳು ಎಂದ ನೆಂಟರಿಗೂ ಒಬ್ಬೊಬ್ಬರ ಮನೆಗೇ ಹೋಗಿ ಹೇಳುತ್ತಿದ್ದೇನೆ. ಕೆಲವರು ಬಾಗಿಲಲ್ಲೇ ಮುಖ ತಿರುಗಿಸುತ್ತಾರೆ. ತಿರುಗಿಸಲಿ.

ಭಾನುವಾರ ಕುಶಾಲನಗರಕ್ಕೆ ಬರುತ್ತೇನೆ. ಕ್ಷಮಿಸು ಎನ್ನಲು ಅಲ್ಲ, ಆ ಮಾತು ಕೇಳುವ ಯೋಗ್ಯತೆ ನನಗಿಲ್ಲ. ಒಂದೇ ಒಂದು ಕೇಳಿಕೊಳ್ಳುತ್ತೇನೆ ಸುಮಾ — ಅಲ್ಲಿಯ ತನಕ ಪುಟ್ಟಿಗೆ ನೀನು ಹೇಳಬೇಡ. ನೀನು ಹೇಳಿದರೆ ನನ್ನ ಪರವಾಗಿ ಎರಡು ಮಾತು ಸೇರಿಸಿಬಿಡುತ್ತೀಯ, ಪಾಪ ಅಕ್ಕನಿಗೂ ಗೊತ್ತಾಗಲಿಲ್ಲ ಎಂದುಬಿಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಅದು ಬೇಡ. ಅವಳು ಏನೂ ಮಾಡಿಲ್ಲ, ಮಾಡಿದವಳು ನಾನು ಎಂಬುದನ್ನು ಅವಳು ನನ್ನ ಬಾಯಿಂದಲೇ ಕೇಳಬೇಕು. ಕೇಳಿ ಅವಳು ಏನಂದರೂ ಅನ್ನಲಿ. ನೀನು ಪಕ್ಕದಲ್ಲಿ ಕೂತಿರು, ಆದರೆ ಅವಳನ್ನು ತಡೆಯಬೇಡ.