ಬಳಪದ ಕಲ್ಲಿನ ಇಳಿಜಾರು

ದೆವ್ವದ ಮಾತೆತ್ತಿದವರನ್ನು ಬೈದು ಎಬ್ಬಿಸಿ ಕಳಿಸುತ್ತಿದ್ದವನು ನಾನು. ಹಾಗಾಗಿ ನಂಬಿ ಎಂದು ಯಾರ ಕಾಲೂ ಹಿಡಿಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಯುದ್ಧದ ಕಾಲ. ಹಳೇಬೀಡಿನಿಂದ ಬೇಲೂರಿಗೆ ಹೋಗುವ ರಸ್ತೆಯ ಒಂದು ಇಳಿಜಾರಿಗೆ ಡಾಂಬರು ಬಳಿಸಿದ ಮೇಸ್ತ್ರಿ ನಾನೇ. ಬರೀ ಡಾಂಬರಿನ ಮೇಲೆ ಲಾಳ ಹೊಡೆದ ಎತ್ತು ನಿಲ್ಲುವುದಿಲ್ಲ, ಜಾರುತ್ತದೆ. ಅದಕ್ಕೇ ಮೇಲೆ ಗಟ್ಟಿ ಕರಿಕಲ್ಲಿನ ಸಣ್ಣ ಜಲ್ಲಿ ಹರಡಬೇಕು. ಜಲ್ಲಿ ಬರುವುದು ತಡವಾಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರಲ್ಲ, ಹೊಲದ ಬದುವಿನಲ್ಲಿ ಬಿದ್ದಿದ್ದ ಬಳಪದ ಕಲ್ಲನ್ನೇ ಕುಟ್ಟಿಸಿ ಹಾಕಿಸಿಬಿಟ್ಟೆ. ಉಗುರಲ್ಲಿ ಗೀರಿದರೂ ಗೆರೆ ಬೀಳುವ ಕಲ್ಲು ಅದು. ನಾಲ್ಕು ದಿನ ಚಕ್ರ ಹರಿದು ಹಿಟ್ಟಾಯಿತು. ಮಳೆ ಹನಿಯಿತು, ಲೋಳೆಯಾಯಿತು.

ಮಾದಿಹಳ್ಳಿಯ ಕೆಂಚಪ್ಪ ಭತ್ತದ ಗಾಡಿ ಹೊಡೆದುಕೊಂಡು ಬಂದವನು ಅಲ್ಲಿ ಎತ್ತು ಜಾರಿ, ಗಾಲಿಯಡಿ ಸಿಕ್ಕಿ ಸತ್ತ. ಓವರ್ಸಿಯರ್ ಕೇಳಿದಾಗ, ಅವನು ಕುಡಿದಿದ್ದ ಎಂದುಬಿಟ್ಟೆ. ಹೆಂಡ ಮುಟ್ಟದ ಮನುಷ್ಯ ಅನ್ನುವುದು ನನಗೂ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಓವರ್ಸಿಯರ್ ರಸ್ತೆ ನೋಡಲು ಬರುವವರಿದ್ದರು. ಅಷ್ಟರಲ್ಲಿ ಕರಿಜಲ್ಲಿ ಬಂದಿತ್ತು. ಬಳಪದ ಪುಡಿ ಗುಡಿಸಿ, ಜಲ್ಲಿ ಹರಡಿ ತಪ್ಪು ಮುಚ್ಚೋಣವೆಂದು ರಾತ್ರಿ ಒಬ್ಬನೇ ಹೋದೆ.

ಅರ್ಧ ಇಳಿಜಾರು ಮುಗಿಸಿದ್ದೆ. ಬೆನ್ನ ಹಿಂದೆ... ಸರ್... ಸರ್... ಪೊರಕೆಯ ಸದ್ದು.

ನನ್ನ ಪೊರಕೆ ನನ್ನ ಕಂಕುಳಲ್ಲೇ ಇತ್ತು.

ಲಾಟೀನು ತಿರುಗಿಸಿದೆ. ಹರಡಿದ್ದ ಜಲ್ಲಿಯೆಲ್ಲ ರಸ್ತೆಯಂಚಿಗೆ ಗುಡ್ಡೆಯಾಗಿತ್ತು. ಬೆವತ ಎತ್ತಿನ ವಾಸನೆ, ಒದ್ದೆ ಹುಲ್ಲಿನ ವಾಸನೆ... ಎತ್ತು ಮಾತ್ರ ಎಲ್ಲೂ ಇಲ್ಲ. ಹಲ್ಲು ಕಚ್ಚಿ ಮತ್ತೆ ಹರಡಿದೆ. ಮತ್ತೆ ಸರ್... ಸರ್... ಸುಳ್ಳೇಕೆ, ನಡುರಸ್ತೆಯಲ್ಲಿ ಕೂತು ಅತ್ತುಬಿಟ್ಟೆ.

ಆಗ ಕಿವಿಯ ಹತ್ತಿರವೇ, ಕೋಪವಿಲ್ಲದ ದನಿ.

"ಮೇಸ್ತ್ರಿಗಳೇ... ನಾನ್ ಕುಡಿದಿರ್ಲಿಲ್ಲ ಕಣ್ರೀ."

ಹೇಳುತ್ತೇನೆ, ಬೆಳಗಾಗುತ್ತಲೇ ನಿಜ ಹೇಳುತ್ತೇನೆ ಎಂದು ಕೈಮುಗಿದೆ. ಸದ್ದು ನಿಂತಿತು. ಬೆಳಕು ಹರಿದಾಗ ನೋಡಿದರೆ ಇಳಿಜಾರಿನ ಉದ್ದಕ್ಕೂ ಕರಿಜಲ್ಲಿ ಒತ್ತಾಗಿ ಕೂತಿತ್ತು. ನಾನು ಹರಡಿದ್ದಲ್ಲ.

ಓವರ್ಸಿಯರ್ ಬಂದರು, ತುಳಿದು ನೋಡಿ ಭೇಷ್ ಎಂದರು. ಅದೇ ಹೊತ್ತಿಗೆ ಕೆಂಚಪ್ಪನ ಹೆಂಡತಿ ನಿಂಗಮ್ಮ ಊರಿಂದ ನಡೆದೇ ಬಂದಳು. ಜನ ತನ್ನನ್ನು ಕುಡುಕನ ಹೆಂಡತಿ ಅನ್ನುತ್ತಿದ್ದಾರೆ ಎಂದು ಹೇಳಿಕೊಂಡು ನನ್ನ ಮುಖವನ್ನೇ ನೋಡಿದಳು.

"ನೀವೇ ಹೇಳ್ರಣ್ಣ. ನಮ್ಮನೆಯವ್ರು ಕುಡಿದಿದ್ರಾ?"

ರಾತ್ರಿಯ ಮಾತು ನಾಲಿಗೆಯ ತುದಿಯಲ್ಲಿತ್ತು. ಓವರ್ಸಿಯರ್ ಪಕ್ಕದಲ್ಲೇ ನಿಂತಿದ್ದರು. ಕೆಲಸ ಹೋದರೆ ಗತಿ?

"ಹೂಂ ಕಣವ್ವ," ಅಂದೆ.

ಅವಳು ಸೆರಗು ಹೊದ್ದು ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿದಳು.

"ನೀವು ಹೂಂ ಅಂದ್ರಿ. ನಿಮ್ ಹಿಂದಿಂದ ಇಲ್ಲ ಅಂದೋರು ಯಾರು?"

ಅಲ್ಲಿ ಇದ್ದದ್ದು ನಾವು ಮೂವರೇ.

ನಿಂಗಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು, ಕೊನೆಯವರೆಗೂ ನಾನು ಬಾಯಿ ಬಿಡಲಿಲ್ಲ. ಈಗ ನಿಮಗೆ ಹೇಳಿದರೆ ಹೇಳಿದಂತಾಗುತ್ತದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.